ಹೀರೇಬಳ್ಳಿಯ ಗಂಡು ಹೂವು

ಹಿರೇಕೆರೂರು ಸೀಮೆಯಲ್ಲಿ ಬೀಜದ ಪ್ಲಾಟುಗಳು ಬಹಳ. ಪ್ಲಾಟು ಎಂದರೆ ಮನೆ ಕಟ್ಟುವ ಜಾಗವಲ್ಲ, ಬೀಜಕ್ಕೆಂದೇ ಬೆಳೆ ಬೆಳೆಯುವ ಹೊಲ. ಅಲ್ಲಿ ಹೂವಿಗೆ ಹೂವು ಕೂಡಿಸುವವರು ನಾವು ಹೆಣ್ಣುಮಕ್ಕಳು. ಒಂದು ಸಾಲಿನ ಗಂಡು ಹೂವಿನ ಪುಡಿಯನ್ನು ಇನ್ನೊಂದು ಸಾಲಿನ ಹೆಣ್ಣು ಹೂವಿಗೆ ಒರೆಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆ, ಹೀರೆ, ಯಾವುದೇ ಇರಲಿ, ನನ್ನಷ್ಟು ಚುರುಕಾದ ಕೈ ಸುತ್ತಲಿನ ಊರುಗಳಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆ ಹತ್ತೊಂಬತ್ತರಲ್ಲಿ ನನಗಿರಲಿಲ್ಲ.

ಪ್ಲಾಟಿನಲ್ಲಿ ಜೇನುಹುಳ ಎಂದರೆ ವೈರಿ. ನಾವು ಲೆಕ್ಕ ಹಿಡಿದು ಕೂಡಿಸಿದ ಹೂವಿನ ಮೇಲೆ ಅದು ಬಂದು ಕುಳಿತರೆ ಯಾವ ಹೂವಿನ ಪುಡಿ ಯಾವುದಕ್ಕೆ ಸೇರಿತೋ ದೇವರೇ ಬಲ್ಲ, ಬೀಜ ಕೆಡುತ್ತದೆ. ಅದಕ್ಕೇ ಸುತ್ತ ಬಲೆ ಕಟ್ಟುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಕೈಗೆ ಒಂದು ಟವೆಲ್ ಕೊಟ್ಟು, ಬಲೆಯೊಳಗೆ ನುಸುಳಿದ ಜೇನನ್ನು ಓಡಿಸಲು ನಿಲ್ಲಿಸಿದ್ದರು. ಮೂರನೆಯ ವರ್ಷಕ್ಕೆ ಟವೆಲ್ ಇತ್ತು, ಜೇನು ಇರಲಿಲ್ಲ. ಊರ ನೀರಿನ ಟ್ಯಾಂಕಿನ ಕೆಳಗೆ ಪ್ರತಿ ವರ್ಷ ಕಟ್ಟುತ್ತಿದ್ದ ದೊಡ್ಡ ಗೂಡುಗಳೂ ಕಾಣಲಿಲ್ಲ. ಬಿಸಿಲು ಮಿತಿಮೀರಿತ್ತು, ಮಳೆ ಬರಬಾರದ ಹೊತ್ತಿಗೆ ಬಂದು ಹೂವು ಉದುರಿಸಿತ್ತು, ಹುಳ ಸಾಯಲೆಂದು ಬೆಳೆಗೆ ಹೊಡೆಯುವ ಎಣ್ಣೆಯ ವಾಸನೆ ಊರೊಳಗಿನವರೆಗೆ ಬರುತ್ತಿತ್ತು. ಇದರಲ್ಲಿ ಯಾವುದರಿಂದ ಹೋದವೋ ಗೊತ್ತಿಲ್ಲ, ಹೇಳದೆ ಹೋದವು. ಊರವರು ಆ ಮಾತು ತೆಗೆದಾಗಲೆಲ್ಲ ನಾನು ಎರಡೂ ಕೈ ಎತ್ತಿ ತೋರಿಸಿ, "ಹೋದ್ರ ಹೋಗ್ಲಿ ಬಿಡ್ರಿ, ನಾ ಅದೀನಲ್ಲ," ಎನ್ನುತ್ತಿದ್ದೆ.

ಆ ಮಾತು ಕೇಳಿ ಸುಮ್ಮನಿರದವಳು ನಮ್ಮ ಆಯಿ, ಅಪ್ಪನ ತಾಯಿ. ಸವಣೂರು ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಮದುವೆಯಾಗಿ ಬರುವಾಗ ಅವಳು ಉಡಿಯಲ್ಲಿ ಒಂದು ಹಿಡಿ ಹೀರೇಬೀಜ ಕಟ್ಟಿಕೊಂಡು ಬಂದಿದ್ದಳಂತೆ. ಗಿಡ್ಡ ಕಾಯಿ, ದಪ್ಪ ಸಿಪ್ಪೆ. ಆ ಸಿಪ್ಪೆಯ ಚಟ್ನಿ ಇದ್ದ ದಿನ ಅಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಹಿತ್ತಿಲ ಹಂದರದ ಮೇಲೆ ಆ ಬಳ್ಳಿ ಇಲ್ಲದ ವರ್ಷವನ್ನು ನಾನು ಕಂಡಿರಲಿಲ್ಲ. ಜೇನು ಹೋದ ಮೇಲೆ ಎರಡು ವರ್ಷ ಬಳ್ಳಿ ಹಬ್ಬಿತು, ಹೂವು ಬಿಟ್ಟಿತು, ಒಂದು ಕಾಯೂ ನಿಲ್ಲಲಿಲ್ಲ. ಊರ ಮುಂದೆ ಕೈ ಎತ್ತಿ ತೋರಿಸುತ್ತಿದ್ದ ನಾನು ಹಿತ್ತಿಲ ಕಡೆ ತಿರುಗಿಯೂ ನೋಡಿರಲಿಲ್ಲ. ಕಾಯಿ ಇಲ್ಲದಿದ್ದರೆ ಬೀಜವೂ ಇಲ್ಲ. ಮೂರನೆಯ ವರ್ಷ ಆಯಿ ಬೂದಿಯಲ್ಲಿ ಇಟ್ಟಿದ್ದ ಕೊನೆಯ ಬೀಜಗಳನ್ನು ಊರಿದಳು. ಹುಟ್ಟಿದ್ದು ಒಂದೇ.

"ಪ್ಯಾಟ್ಯಾಗ ಹೀರೇಬೀಜ ಸಿಗೂದಿಲ್ಲೇನು? ಅದನ್ನ ತಂದ್ರಾತು," ಎಂದೆ ನಾನು.

"ಪ್ಯಾಟ್ಯಾಗ ಆಯಿನೂ ಸಿಗತಾಳ. ಹ್ವಾದಾಗ ಒಬ್ಬಾಕಿನ್ನ ತಗೊಂಡು ಬಾ," ಎಂದಳು ಆಯಿ.

ಆ ಒಂದು ಬಳ್ಳಿಯಲ್ಲಿ ಕಾಯಿ ಕಟ್ಟದಿದ್ದರೆ ನಮ್ಮ ಮನೆಯಲ್ಲಿ ಅವಳ ತವರಿನ ಹೀರೆ ಅಲ್ಲಿಗೆ ಮುಗಿಯಿತು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೀರೆ ಅರಳುವುದು ಸಂಜೆ ಐದರ ಸುಮಾರಿಗೆ, ನಾನು ಪ್ಲಾಟಿನಿಂದ ಮನೆಗೆ ಬರುವುದೂ ಆಗಲೇ. "ಚಿಂತೀ ಮಾಡಬ್ಯಾಡ, ನಮ್ಮ ಬಳ್ಳಿ ನನಗ ಬಿಡು," ಎಂದು ಭರವಸೆ ಕೊಟ್ಟೆ.

ಈಗ ನಾನು ಮಾಡಿದ ಘನಕಾರ್ಯ ಹೇಳಬೇಕು. ಪ್ಲಾಟಿನಲ್ಲಿ ಹೆಣ್ಣು ಸಾಲಿನ ಬಳ್ಳಿಗಳಲ್ಲಿ ಬರುವ ಗಂಡು ಮೊಗ್ಗುಗಳನ್ನು ದಿನವೂ ಚಿವುಟಿ ಬಿಸಾಡುವುದು ನಮ್ಮ ಕೆಲಸ. ಗಂಡು ಹೂವು ಬೇರೆ ಸಾಲಿನಿಂದ ಬರುತ್ತದೆ. ಮೂರು ವರ್ಷ ದಿನಕ್ಕೆ ಸಾವಿರಗಟ್ಟಲೆ ಚಿವುಟಿದ ಬೆರಳುಗಳಿಗೆ ತಲೆಯ ಅಪ್ಪಣೆ ಬೇಕಿರಲಿಲ್ಲ. ಆ ವಾರ ನನ್ನ ಗೆಳತಿಯೊಬ್ಬಳಿಗೆ ಹಾನಗಲ್ಲಿನ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿ, ಹೇಳಿ ಮುಗಿಯದಷ್ಟು ಸುದ್ದಿ ಇತ್ತು. ಸಂಜೆ ಸಂಜೆ ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹಂದರದ ಕೆಳಗೆ ನಿಲ್ಲುತ್ತಿದ್ದೆ. ಬಾಯಿ ಹುಡುಗನ ಮೀಸೆಯ ಬಗ್ಗೆ ಮಾತಾಡುತ್ತಿತ್ತು, ಕೈ ತನ್ನ ಕೆಲಸ ಮಾಡುತ್ತಿತ್ತು. ಆಯಿಗೆ ಕಣ್ಣಿನ ಪೊರೆ. ಅವಳು ಕಟ್ಟೆಯ ಮೇಲೆ ಕುಳಿತು, ದಾರಿಯಲ್ಲಿ ಹೋಗುವವರಿಗೆಲ್ಲ, "ನನ್ನ ಮೊಮ್ಮಗಳು ನೋಡ್ರಿ, ದಿನಾ ಬಳ್ಳಿ ಸೇವಾ ಮಾಡಾಕತ್ತಾಳ," ಎನ್ನುತ್ತಿದ್ದಳು.

ಐದನೆಯ ದಿನ ಎರಡು ಹೆಣ್ಣು ಮೊಗ್ಗು ಕಂಡವು. ಹಿಂದೆ ಪುಟ್ಟ ಕಾಯಿ ಇರುವ ಮೊಗ್ಗು, ನಾಳೆ ಅರಳುವಂಥವು. ಗಂಡು ಹೂವು ಯಾವುದಿದೆ ಎಂದು ಮೇಲೆ ನೋಡಿದೆ, ಬಳ್ಳಿಯ ಆಚೆ ತುದಿಗೂ ಹೋಗಿ ನೋಡಿದೆ. ಒಂದೂ ಇರಲಿಲ್ಲ. ಕಾಲ ಕೆಳಗೆ ನೋಡಿದೆ. ನಾಲ್ಕು ದಿನದ ಗಂಡು ಮೊಗ್ಗುಗಳು, ಗೊಂಚಲು ಗೊಂಚಲೇ ಚಿವುಟಿದವು, ಒಣಗಿ ಬಿದ್ದಿದ್ದವು.

ಹೇಳದೆ ವಿಧಿ ಇರಲಿಲ್ಲ. ಆಯಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಣಗಿದ ಮೊಗ್ಗುಗಳನ್ನು ಕೈಯಲ್ಲಿ ಹಿಡಿದು ಸವರಿ, "ಜೇನಿನ ಹಂತೇಕ ಮೊಬೈಲ್ ಇರಲಿಲ್ಲ ಬಿಡು," ಎಂದಳು. ಬಳ್ಳಿಯ ಎಲೆ ಆಗಲೇ ಹಳದಿ ತಿರುಗುತ್ತಿತ್ತು, ಅದು ಇನ್ನು ಹೊಸ ಗೊಂಚಲು ಬಿಡುವ ಹಾಗಿರಲಿಲ್ಲ. ಪ್ಲಾಟಿನ ಗಂಡು ಹೂವು ತಂದು ಒರೆಸಿದರೆ ಬೀಜ ಬೆರಕೆಯಾಗುತ್ತಿತ್ತು. ಕೊನೆಗೆ ಅವಳೇ ಹೇಳಿದಳು. "ಇದರ ಹೂವು ಇನ್ನೊಂದು ಮನ್ಯಾಗ ಇದ್ರ ಇರಬೇಕು. ಮುಂಜಾನೆ ಹೋಗೂಣು."

ಆ ಇನ್ನೊಂದು ಮನೆ ಅವಳ ತಂಗಿಯದು, ನನಗೆ ಸಣ್ಣಾಯಿ. ಸವಣೂರಿನ ಹತ್ತಿರ. ಅಕ್ಕತಂಗಿಯರು ಮಾತು ಬಿಟ್ಟು ಹತ್ತು ವರ್ಷದ ಮೇಲಾಗಿತ್ತು, ಕಾರಣವೂ ಇದೇ ಹೀರೆ. ಯಾರದೋ ಮದುವೆಯ ಊಟದಲ್ಲಿ ತಂಗಿ, ನಮ್ಮವ್ವ ಬೀಜ ಕೊಟ್ಟಿದ್ದು ನನಗೆ, ಅಕ್ಕ ನನ್ನಿಂದ ಇಸಿದುಕೊಂಡಳು ಎಂದಿದ್ದಳಂತೆ. ಪಂಕ್ತಿಯಲ್ಲಿ ಕುಳಿತವರೆಲ್ಲ ಕೇಳಿದ್ದರು. ಆಯಿ ಅರ್ಧ ಊಟಕ್ಕೇ ಎದ್ದು ಬಂದಿದ್ದಳು. ಅವತ್ತಿನಿಂದ ಎರಡು ಮನೆಗಳಲ್ಲಿ ಸಾವು ನೋವು ಬಾಣಂತನ ಎಲ್ಲ ಆಗಿ ಹೋದವು, ಇವಳು ಅತ್ತ ಹೋಗಿರಲಿಲ್ಲ, ಅವಳು ಇತ್ತ ಬಂದಿರಲಿಲ್ಲ.

ಹಾನಗಲ್ಲಿನಲ್ಲಿ ಒಂದು ಬಸ್ಸು ಇಳಿದು, ಬಂಕಾಪುರದಲ್ಲಿ ಇನ್ನೊಂದು ಇಳಿದು, ಮೂರನೆಯ ಬಸ್ಸು ಹತ್ತಿ ಹೋದೆವು. ದಾರಿಯುದ್ದಕ್ಕೂ ಆಯಿ ತಂಗಿಗೆ ಹೇಳಬೇಕಾದ ಖಾರದ ಮಾತುಗಳನ್ನು ನನಗೆ ಹೇಳಿ ಅಭ್ಯಾಸ ಮಾಡಿದಳು. ಸಣ್ಣಾಯಿಯ ಹಿತ್ತಿಲಿಗೆ ಹೋದಾಗ ಹಂದರ ಕಾಣದಷ್ಟು ಬಳ್ಳಿ ಹಬ್ಬಿತ್ತು. ಗಂಡು ಮೊಗ್ಗುಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು, ಕಾಯಿ ಮಾತ್ರ ಒಂದೂ ಇರಲಿಲ್ಲ. ಕಣ್ಣು ಬಿದ್ದಿದೆಯೆಂದು ಹಂದರದ ಕಂಬಕ್ಕೆ ಹಳೆಯ ಚಪ್ಪಲಿ ಕಟ್ಟಿದ್ದಳು.

ಸಣ್ಣಾಯಿ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ನೋಡಾಕ ಬಂದೀಯೋ, ಮತ್ತೇನರ ಬೇಕಾಗಿತ್ತೋ?"

"ಹೂವು ಬೇಕಾಗಿತ್ತು," ಎಂದಳು ಆಯಿ. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುವುದಿಲ್ಲ.

"ಹಂಗಾದ್ರ ಮೊದಲ ಹೇಳು. ಅವ್ವ ಬೀಜ ಯಾರಿಗೆ ಕೊಟ್ಟಿದ್ಲು?"

ನಮ್ಮ ಆಯಿ ತಪ್ಪು ಒಪ್ಪಿದ್ದನ್ನು ನಾನು ಕಂಡಿಲ್ಲ, ಅಪ್ಪನೂ ಕಂಡಿಲ್ಲ, ಅಜ್ಜನಂತೂ ಕಾಣದೆಯೇ ತೀರಿಹೋದ. ಅವಳು ತಲೆಯೆತ್ತಿ ಆ ಮೊಗ್ಗುಗಳನ್ನು ನೋಡಿದಳು. ಅವಳಿಗೆ ಮಸುಕಾಗಿ ಹಸಿರು ಬಿಟ್ಟರೆ ಬೇರೆ ಏನೂ ಕಂಡಿರಲಿಕ್ಕಿಲ್ಲ.

"ನಿನಗ," ಎಂದಳು.

ಸಣ್ಣಾಯಿ ಈ ಮಾತಿಗಾಗಿ ಹತ್ತು ವರ್ಷ ಕಾದಿದ್ದಳು. ಅದು ಬಂದ ಮೇಲೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸೆರಗು ಸರಿ ಮಾಡಿಕೊಂಡಳು, ಕೋಳಿಯನ್ನು ಓಡಿಸಿದಳು. ಆಮೇಲೆ, "ಕುಂದ್ರು, ಚಾ ಇಡ್ತೇನಿ," ಎಂದಳು. ಆಯಿಗೆ ಸಕ್ಕರೆ ಕಡಿಮೆ ಎಂಬುದು ಅವಳಿಗೆ ಇನ್ನೂ ನೆನಪಿತ್ತು.

ಚಹಾ ಕುಡಿಯುತ್ತ, ನಿಮ್ಮ ಬಳ್ಳಿಗೆ ಯಾರ ಕಣ್ಣೂ ಬಿದ್ದಿಲ್ಲ, ಜೇನಿಲ್ಲ ಅಷ್ಟೇ, ಸಂಜೆ ಐದಕ್ಕೆ ನೀವೇ ಹೀಗೆ ಒರೆಸಿ ಎಂದು ಒಂದು ಮೊಗ್ಗು ಬಿಡಿಸಿ ಅವಳಿಗೆ ತೋರಿಸಿಕೊಟ್ಟೆ. ಸಂಜೆಗೆ ಅರಳುವ ಮೊಗ್ಗುಗಳನ್ನು ಆರಿಸಿ, ಒದ್ದೆ ಬಟ್ಟೆ ಹಾಸಿದ ಊಟದ ಡಬ್ಬಿಯಲ್ಲಿ ತುಂಬಿಕೊಂಡು ಮಧ್ಯಾಹ್ನವೇ ಹೊರಟೆವು. ಬಸ್ಸಿನಲ್ಲಿ ಆಯಿ ಡಬ್ಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದು ನೋಡಿ ಕಂಡಕ್ಟರ್, "ಏನೈತಿ ಬೇ ಅದರಾಗ?" ಎಂದು ಕೇಳಿದ.

"ಗಂಡು ಹೂವು."

"ಬಿಟ್ಟಿ ಬಸ್ ಬರೇ ಹೆಣ್ಮಕ್ಕಳಿಗೆ. ಗಂಡಿಗೆ ಟಿಕೆಟ್ ತಗೀಬೇಕಾಗತೈತಿ ನೋಡು," ಎಂದ ಅವನು. ಹಿಂದಿನ ಸಂಜೆಯಿಂದ ಮೊದಲ ಸಲ ಆಯಿ ನಕ್ಕಳು. ಆ ಧೈರ್ಯದಲ್ಲಿ ನಾನು ಕೇಳಿದೆ. ಬೀಜ ನಿಜವಾಗಿಯೂ ಸಣ್ಣಾಯಿಗೇ ಕೊಟ್ಟಿದ್ದೇ?

"ಖರೇ ಯಾವದಂತ ಈಗ ಅವ್ವನ್ನ ಕೇಳಾಕ ಆಗತೈತೇನು? ಬಳ್ಳೀನೇ ಹ್ವಾದ ಮ್ಯಾಲ ಬೀಜ ನಂದಂತ ಹೇಳ್ಕೊಂಡು ಎಲ್ಲಿ ಊರಲಿ?" ಎಂದು ಅವಳು ಕಿಟಕಿಯ ಕಡೆಗೆ ತಿರುಗಿದಳು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ನಮ್ಮ ಎರಡು ಹೆಣ್ಣು ಹೂವು ಅರಳಿದ್ದವು, ಡಬ್ಬಿಯೊಳಗಿನವೂ ಬಾಯಿ ಬಿಟ್ಟಿದ್ದವು. ಮೊಬೈಲನ್ನು ಒಳಗಿಟ್ಟು ಬಂದು, ಒಂದೊಂದು ಹೂವಿಗೂ ಎರಡೆರಡು ಸಲ ಒರೆಸಿದೆ. ಎರಡರಲ್ಲಿ ಒಂದು ಉದುರಿತು, ಒಂದು ನಿಂತಿತು. ಸಣ್ಣಾಯಿ ಮರುವಾರ ಫೋನ್ ಮಾಡಿ ತನಗೆ ನಾಲ್ಕು ನಿಂತಿವೆ ಎಂದು ಬೇಕೆಂದೇ ಎರಡು ಸಲ ಹೇಳಿದಳು. ನಮ್ಮ ಆ ಒಂದು ಕಾಯಿಯನ್ನು ಯಾರೂ ಮುಟ್ಟಲಿಲ್ಲ. ಅದು ಬಲಿತು, ಒಣಗಿ, ನಾರಾದ ಮೇಲೆ ಆಯಿ ಅದರ ಬಾಲ ಮುರಿದು ಮೊರದೊಳಗೆ ಕೊಡವಿದಳು. ಬಿದ್ದದ್ದರಲ್ಲಿ ಬಹಳಷ್ಟು ಬಿಳಿಯ ಜೊಳ್ಳು. ಕಪ್ಪಗೆ ಗಟ್ಟಿಯಾಗಿದ್ದವು ಒಂಬತ್ತೇ. ಜೇನು ಇದ್ದಾಗ ಒಂದು ಕಾಯಿಯಲ್ಲಿ ಹಿಡಿ ತುಂಬ ಬೀಜ ಇರುತ್ತಿದ್ದವು. ನನಗೆ ನಾಚಿಕೆಯಾಯಿತು.

ಮುಂದಿನ ಮಳೆಗೆ ಒಂಬತ್ತರಲ್ಲಿ ಆರು ಹುಟ್ಟಿದವು. ಮೊದಲ ಹೆಣ್ಣು ಹೂವು ಅರಳಿದ ಸಂಜೆ ಆಯಿ ಗೋಡೆ ಹಿಡಿದುಕೊಂಡು ಹಂದರದ ಕೆಳಗೆ ಬಂದು ನಿಂತಳು.

"ನನಗೂ ಕಲಿಸು," ಎಂದಳು.

"ನಿನಗ್ಯಾಕ? ನಾ ಮಾಡಾಕತ್ತೇನಲ್ಲ."

"ನಾಳೆ ನಿನಗ ಜ್ವರಾ ಬಂದ್ರ? ನಾಡದು ಮದವಿ ಆಗಿ ಹ್ವಾದ್ರ? ನಿನಗ ಬಿಡುವಾಗೂತನಕ ಇದು ಕಾಯತೈತೇನು?"

ಗಂಡು ಹೂವನ್ನು ಅವಳ ಬೆರಳಿಗೆ ಕೊಟ್ಟು, ಮಣಿಕಟ್ಟು ಹಿಡಿದು ಹೆಣ್ಣು ಹೂವಿನ ಹತ್ತಿರ ಒಯ್ದೆ. ಅವಳ ಕೈ ನಡುಗಿ ಪುಡಿಯೆಲ್ಲ ಬಳೆಯ ಮೇಲೆ ಬಿತ್ತು. "ಆತೇನು?" ಎಂದಳು. ಇನ್ನೂ ಇಲ್ಲ ಎಂದೆ. ಇನ್ನೊಂದು ಕೊಟ್ಟೆ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಯಾರನ್ನೂ ಕೇಳದೆ ಕಾಯಿ ಬಿಡುತ್ತಿದ್ದ ಬಳ್ಳಿಗೆ ಈಗ ಕಣ್ಣು ಕಾಣದ ಒಬ್ಬ ಮುದುಕಿ, ಕೈ ಮೇಲೆ ನಿಗಾ ಇಲ್ಲದ ಒಬ್ಬ ಹುಡುಗಿ, ನಮ್ಮಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆಯಿ ಮೂರನೆಯ ಹೂವಿಗೆ ಕೈ ಚಾಚಿದಳು.