ತಾಂಬೂಲದ ತಟ್ಟೆಯಲ್ಲಿ ತುಳಸಿ ಸಸಿ

ಮಗಳ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಮಕ್ಕಳ ತೋಟದ ಕ್ಲಬ್ಬಿನವರು ಬೆಂಡೆ, ಮೆಂತ್ಯ, ತುಳಸಿ ಬೆಳೆಸಿದ್ದರು. ಶಾಲೆ ಬದಲಿಸಿದ ಮೇಲೆ ಯಾರ ಜೊತೆಗೂ ಸೇರದೆ ಮುದುಡಿಕೊಂಡಿದ್ದ ನನ್ನ ಮಗಳು ಆ ಪಾತಿಗಳ ಹತ್ತಿರ ಮಾತ್ರ ಬಾಯಿ ಬಿಡುತ್ತಿದ್ದಳು. ಅಂಥದ್ದರಲ್ಲಿ ಹೆಡ್‌ಮೇಡಂ ತಾಯಂದಿರನ್ನೆಲ್ಲ ಕರೆಸಿ, "ಬೇಲಿ ಇಲ್ಲ, ನೀರಿನ ಪೈಪ್ ಇಲ್ಲ. ಈ ತಿಂಗಳೊಳಗೆ ನೀವೇ ದುಡ್ಡು ಹೊಂದಿಸಿದ್ರೆ ತೋಟ ಇರತ್ತೆ. ಇಲ್ಲಾಂದ್ರೆ ಅಲ್ಲಿ ವ್ಯಾನ್ ನಿಲ್ಲಿಸ್ಕೋತೀವಿ," ಎಂದರು. ಆ ದಿನ ನನಗೆ ಊಟ ಸೇರಲಿಲ್ಲ.

ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಉತ್ಸಾಹವೋ ಉತ್ಸಾಹ. ತುಳಸಿ ಹಬ್ಬದ ಹಿಂದಿನ ದಿನ ದೇವಸ್ಥಾನದ ಮುಂದೆ ಮಕ್ಕಳ ತೋಟದ ತುಳಸಿ ಸಸಿ ಮಾರುವುದೆಂದು ನಿಶ್ಚಯವೂ ಆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಬಂದವರು ಇಬ್ಬರೇ. ನಾನು, ಮತ್ತು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವ ಹುಬ್ಬಳ್ಳಿ ಕಡೆಯ ಒಬ್ಬಾಕೆ.

"ಗ್ರೂಪಿನ್ಯಾಗ ಕೈಮುಗ್ಯೂ ಚಿತ್ರ ಹಾಕಿದವ್ರು ಭಾಳ ಮಂದಿ ಅದಾರ್ರೀ ಅಕ್ಕಾರ. ಕೆಲಸಕ್ಕ ಕೈ ಹಚ್ಚಾವ್ರು ನಾವಿಬ್ರ ನೋಡ್ರಿ," ಎಂದು ಆಕೆ ಕುಂಡಗಳನ್ನು ಸಾಲಾಗಿ ಇಟ್ಟಳು. ಬೆಲೆಯ ಬೋರ್ಡು ತೂಗುಹಾಕಿದೆವು.

ಮೊದಲು ಬಂದದ್ದು ರೇಷ್ಮೆ ಸೀರೆಯ ಅಜ್ಜಿಯೊಬ್ಬರು. ಬೋರ್ಡು ಓದಿದರು, ನನ್ನ ಹಣೆ ನೋಡಿದರು.

"ಅಲ್ಲಮ್ಮಾ, ಮುತ್ತೈದೆ ಆಗಿ ತುಳಸಮ್ಮನ್ನ ದುಡ್ಡಿಗೆ ಮಾರ್ತಿದೀಯಲ್ಲ. ಮನಸ್ಸು ಹೇಗೆ ಬರತ್ತೆ ನಿಂಗೆ?"

ಪಕ್ಕದಲ್ಲೇ ಹೂವಿನವರು ನೆಲ್ಲಿಕೊಂಬೆಯ ಜೊತೆ ತುಳಸಿಯನ್ನು ಮೊಳದ ಲೆಕ್ಕದಲ್ಲಿ ಮಾರುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಅಜ್ಜಿಯೇ ಅವರ ಹತ್ತಿರ ಚೌಕಾಸಿ ಮಾಡಿ ಎರಡು ಮೊಳ ಕೊಂಡು ಹೋದರು. ಆದರೆ ಆ ಮಾತು ನನಗೆ ತಾಗಿತು. ಹಬ್ಬದ ಹೊತ್ತಿನಲ್ಲಿ ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರಲು ಆಗುವುದಿಲ್ಲ. ಬೋರ್ಡು ತೆಗೆದೆ. ಮನೆಗೆ ಓಡಿ ತಟ್ಟೆ, ವೀಳ್ಯದೆಲೆ, ಅಡಿಕೆ, ಅರಿಶಿನ, ಕುಂಕುಮ ತಂದೆ. ಸಸಿಯನ್ನು ತಟ್ಟೆಯಲ್ಲಿಟ್ಟು, ಬಂದವರಿಗೆ ಕುಂಕುಮ ಕೊಟ್ಟು, "ಮಕ್ಕಳ ತೋಟಕ್ಕೆ, ನಿಮಗೆ ತೋಚಿದ್ದು ಕೊಡಿ," ಎನ್ನತೊಡಗಿದೆ.

ಜನ ಮುತ್ತಿಕೊಂಡರು. ಸೆರಗು ಒಡ್ಡಿ ಭಕ್ತಿಯಿಂದ ಸಸಿ ತೆಗೆದುಕೊಂಡರು. ಆಮೇಲೆ ಒಬ್ಬರಾದ ಮೇಲೊಬ್ಬರು ಚೀಲಕ್ಕೆ ಕೈ ಹಾಕಿ ತೆಂಗಿನಕಾಯಿ, ಬ್ಲೌಸ್ ಪೀಸು ತೆಗೆದು ನನ್ನ ಮಡಿಲಿಗೇ ಇಟ್ಟರು.

"ಇದೆಲ್ಲ ಯಾಕಮ್ಮ?" ಎಂದೆ.

"ತಾಂಬೂಲ ಇಸ್ಕೊಂಡು ಬರೀ ಕೈಲಿ ಹೋಗಕ್ಕಾಗತ್ತಾ ಆಂಟಿ? ದುಡ್ಡು ಕೊಟ್ರೆ ಚೆನ್ನಾಗಿರಲ್ಲ," ಎಂದಳು ಒಬ್ಬ ಹುಡುಗಿ, ನನಗೇ ಶಾಸ್ತ್ರ ಹೇಳಿಕೊಡುವ ಧಾಟಿಯಲ್ಲಿ.

ಮಧ್ಯಾಹ್ನಕ್ಕೆ ಸಸಿಗಳೆಲ್ಲ ಖಾಲಿ. ಡಬ್ಬಿಯಲ್ಲಿ ಚಿಲ್ಲರೆ, ಪಕ್ಕದಲ್ಲಿ ಕಾಯಿಯ ಗುಡ್ಡೆ, ಅದರ ಪಕ್ಕ ರವಿಕೆ ಕಣಗಳ ಗಂಟು. ಅದರಲ್ಲೊಂದು, ನವರಾತ್ರಿಯಲ್ಲಿ ನಾನೇ ಯಾರಿಗೋ ಕೊಟ್ಟಿದ್ದು. ಅಂಚಿನ ಅರಿಶಿನದ ಕಲೆಯಿಂದ ಗುರುತು ಸಿಕ್ಕಿತು. ಕೈಯಿಂದ ಕೈಗೆ ಸುತ್ತಿ ಬಂದರೂ ಒಂದು ಮನೆಯಲ್ಲೂ ಅದನ್ನು ಹೊಲಿಸಿರಲಿಲ್ಲ.

"ಅಕ್ಕಾರ, ಬೇಲಿ ಈ ಖಣದಾಗ ಹೊಲಿಸೂಣೇನ್ರಿ?" ಎಂದಳು ಹುಬ್ಬಳ್ಳಿಯಾಕೆ. ನನಗೆ ಅಳು ಬರುವಂತಿತ್ತು, ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ.

ಕೊನೆಗೆ ಅವಳೇ ಆಟೋ ಹಿಡಿದು ಕಾಯಿಗಳನ್ನೆಲ್ಲ ತನಗೆ ಗೊತ್ತಿದ್ದ ಒಂದು ಖಾನಾವಳಿಗೆ ಸಾಗಿಸಿದಳು. ಅಲ್ಲಿಯವರು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಬಾಯಿಗೆ ಬಂದ ಬೆಲೆಗೆ ಕೊಂಡರಂತೆ. ಬ್ಲೌಸ್ ಪೀಸನ್ನು ಯಾವ ಅಂಗಡಿಯವನೂ ಮುಟ್ಟಲಿಲ್ಲ. ಬಂದ ದುಡ್ಡು ಪೈಪಿಗೆ ಸಾಕಾಯಿತು, ಬೇಲಿಗೆ ಸಾಲಲಿಲ್ಲ.

ಹೆಡ್‌ಮೇಡಂ ಅರ್ಧ ಜಾಗ ವ್ಯಾನಿಗೆ ಕೊಟ್ಟರು. ಗೋಡೆಯ ಪಕ್ಕದ ಉದ್ದನೆಯ ಪಟ್ಟಿ ಮಾತ್ರ ಮಕ್ಕಳಿಗೆ ಉಳಿಯಿತು. ಗುಂಪಿನಲ್ಲಿ ಮತ್ತೆ ಅಷ್ಟೂ ಜನ ಚಪ್ಪಾಳೆಯ ಚಿತ್ರ ಹಾಕಿದರು. ಮಗಳಿಗೆ ಏನು ಹೇಳಲಿ ಎಂದು ತಿಳಿಯದೆ, ಆ ವಾರ ಒಂದು ದಿನ ಬೇಗನೆ ಶಾಲೆಗೆ ಹೋಗಿ ಹಿಂದಿನ ಗೇಟಿನ ಹತ್ತಿರ ನಿಂತೆ.

ತೋಟದ ಜಾಗದಲ್ಲಿ ವ್ಯಾನೊಂದು ರಿವರ್ಸ್ ಬರುತ್ತಿತ್ತು. ಅದರ ಹಿಂದೆ ಮಣ್ಣು ಮೆತ್ತಿದ ಮೂವರು ಹುಡುಗಿಯರು. ನಡುವಿನವಳು ನಮ್ಮವಳು. ಮನೆಯಲ್ಲೂ ನಾನು ಕೇಳದಿದ್ದ ದನಿಯಲ್ಲಿ ಡ್ರೈವರನ್ನು ತಡೆಯುತ್ತಿದ್ದಳು.

"ಅಂಕಲ್, ನಿಲ್ಸಿ. ಪಾತಿ ಮೇಲೆ ಹತ್ತಿಸ್ತಿದೀರಾ. ಮುಂದೆ ತಗೊಳ್ಳಿ, ಇನ್ನೂ ಮುಂದೆ."

"ಆಯ್ತು ಮೇಡಂ, ಬೈಬೇಡಿ," ಎಂದ ಆ ಪುಣ್ಯಾತ್ಮ, ಗಾಡಿಯನ್ನು ಮುಂದಕ್ಕೆ ತೆಗೆದ. ನಾನು ಅವಳನ್ನು ಕೂಗಲಿಲ್ಲ. ದೇವರೇ, ಇಷ್ಟು ಸಾಕು ಎಂದುಕೊಂಡು ಅಲ್ಲೇ ಕಾಯುತ್ತ ನಿಂತೆ.