‘ತಗಿ’ ಅಂದರೆ ಅಳಿಸಿದೆ

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ನಾನು ಕಲಿತದ್ದು ಏಳನೆಯ ತರಗತಿ. ತಂಗಿ ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಯಂಕಂಚಿ, ನಿಡಗುಂದಿ ಕಡೆಯ ಕುರಿಗಾರರ ಮಾತು ಕೂಡಿಸಿ ಪಿಎಚ್‌.ಡಿ. ಬರೆಯುತ್ತಿದ್ದಳು. ಮೂರು ವರ್ಷದ ಧ್ವನಿಮುದ್ರಣ, ಬರಹ ಎಲ್ಲವೂ ಒಂದೇ ಹೊರಗಿನ ಹಾರ್ಡ್ ಡಿಸ್ಕಿನಲ್ಲಿತ್ತು. ಅದರಲ್ಲೇ ವಿಂಡೋಸಿನ ಬದಲಿಗೆ ಬಳಸುವ ಲಿನಕ್ಸ್ ಹಾಕಿಕೊಂಡು, ರಜೆಯಲ್ಲಿ ಬಂದಾಗ ನನ್ನ ಕಂಪ್ಯೂಟರಿಗೆ ಹಚ್ಚಿ ಕೆಲಸ ಮಾಡುತ್ತಿದ್ದಳು.

ಹಾಕುವಾಗ ಒಂದು ತಪ್ಪಾಗಿತ್ತು. ಕಂಪ್ಯೂಟರನ್ನು ಎಬ್ಬಿಸುವ ಬೂಟ್‌ಲೋಡರ್ ಅವಳ ಡಿಸ್ಕಿಗೆ ಹೋಗದೆ ನನ್ನ ಕಂಪ್ಯೂಟರಿನೊಳಗೆ ಕೂತಿತ್ತು. ಡಿಸ್ಕ್ ಕಿತ್ತರೆ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಶಬ್ದ ಬಂದು ನಿಂತುಬಿಡುತ್ತಿತ್ತು.

“ಸದ್ಯ ಡಿಸ್ಕ್ ಹಚ್ಚೇ ಚಾಲೂ ಮಾಡೋ ಅಣ್ಣಾ. ಐತವಾರ ಬಂದು ಸರಿ ಮಾಡ್ತೇನಿ,” ಎಂದು ಅದನ್ನು ನನ್ನ ಹತ್ತಿರ ಬಿಟ್ಟು ಹೋದಳು.

ಅಂಗಡಿಯಲ್ಲಿ ನಿಂತು ಇದನ್ನು ಕೇಳಿದ ಗಿರಾಕಿಯೊಬ್ಬ ನಕ್ಕ. “ನಿಮ್ಮ ಮಷಿನ್ನಿಗೂ ತಂಗೀನ ಬಂದು ಎಬ್ಬಸಬೇಕೇನ್ರಿ?”

ಆ ಮಾತು ನಾಟಿತು. ಇಂಡಿ ಊರಿನ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದೆ.

“ಮೊದಲ ಹೊರಗಿಂದು ತಗದಬಿಡ್ರಿ ಅಣ್ಣಾರ. ಆಮ್ಯಾಲ ವಿಂಡೋಸಿನ ಪೆನ್ ಡ್ರೈವ್ ಹಾಕಿ ಬೂಟ್ ರಿಪೇರಿ ಮಾಡ್ರಿ,” ಎಂದ.

ಡಿಸ್ಕ್ ಕಿತ್ತಿಡಿ ಎಂದು ಅವನ ಅರ್ಥ. ನನ್ನ ಅಂಗಡಿಯಲ್ಲಿ ‘ತಗಿ’ ಎಂದರೆ ಅಳಿಸು. ಅರ್ಜಿಯೊಳಗಿನ ತಪ್ಪು ಹೆಸರು ತಗೀರಿ, ಫೋಟೋದೊಳಗಿನ ಕಲೆ ತಗೀರಿ ಎಂದೇ ಜನ ಕೇಳುವುದು. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ನಡುವೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ತಿಳಿಯಲಿಲ್ಲ, ಯೆಸ್ ಒತ್ತಿದೆ. ತಂಗಿಯನ್ನು ಒಂದು ಮಾತು ಕೇಳಬಹುದಿತ್ತು.

ಆಮೇಲೆ ಪೆನ್ ಡ್ರೈವ್ ಹಾಕಿ ಅವನು ಹೇಳಿದಂತೆ ಮಾಡಿದಾಗ ಕಂಪ್ಯೂಟರೇನೋ ಎದ್ದಿತು. ಮಾಡಿದ್ದನ್ನು ಹೇಳಿದಾಗ ರಿಪೇರಿಯವನ ದನಿಯೇ ಬದಲಾಯಿತು.

“ಹೊರಗಿಂದು ತಗೀರಿ ಅಂದ್ರ ವಾಯರ್ ಕೀಳೂದು ಬಿಟ್ಟು ಡಿಸ್ಕೇ ಸ್ವಚ್ಛ ಮಾಡಿದ್ರೇನ್ರಿ? ಅದರಾಗ ಮತ್ತೇನೂ ಹಾಕಬ್ಯಾಡ್ರಿ. ಹಂಗೇ ತಂದ ಕೊಡ್ರಿ, ಬಾಳಷ್ಟು ವಾಪಸ್ ಸಿಗತೈತಿ.”

ಇಷ್ಟು ತಿಳಿದ ಮೇಲೆ ಮಾಡಿದ್ದನ್ನೇ ನಾನು ಇಲ್ಲಿ ಹೇಳಬೇಕಾಗಿರುವುದು. ಕೊಟ್ಟರೆ, ಅಳಿಸಿದವನು ನಾನೆಂದು ಅವಳಿಗೆ ಗೊತ್ತಾಗುತ್ತದೆ. ಓದು ಬರದ ಅಣ್ಣ ಎಂದು ಅವಳು ಒಮ್ಮೆಯೂ ಅಂದವಳಲ್ಲ. ಈಗ ಅಂದಾಳು ಎಂಬ ಹೆದರಿಕೆ. ಡಿಸ್ಕನ್ನು ತಲೆಯೆತ್ತರಕ್ಕೆ ಎತ್ತಿ ನೆಲದ ಫರಸಿ ಕಲ್ಲಿನ ಮೇಲೆ ಬಿಟ್ಟೆ. ಸಾಲದೆಂದು ಇನ್ನೊಮ್ಮೆ ಬಿಟ್ಟೆ.

ಐತವಾರ ಬಂದವಳಿಗೆ, “ಕೈ ಜಾರಿ ಬಿತ್ತವ್ವಾ,” ಎಂದೆ. ಸಿಂದಗಿಗೆ ಒಯ್ದು ತೋರಿಸಿದಳು. ಒಳಗಿನ ತಟ್ಟೆಗೇ ಗೀರು ಬಿದ್ದಿದೆ, ಆಗುವುದಿಲ್ಲ ಎಂದರಂತೆ. ಮತ್ತೆ ಕೇಳಿ ಬರೆದುಕೊಳ್ಳೋಣವೆಂದರೆ ಅವಳಿಗೆ ಮಾತು ಹೇಳಿದ್ದ ಮುದುಕರಲ್ಲಿ ಇಬ್ಬರು ತೀರಿಹೋಗಿದ್ದರು. ಪಿಎಚ್‌.ಡಿ. ಅಲ್ಲಿಗೇ ಬಿಟ್ಟಳು.

ಊಟ ಸೇರದೆ ಕೂತಿದ್ದ ನನಗೆ ಅವಳೇ ಸಮಾಧಾನ ಹೇಳಿದಳು.

“ಉಣ್ಣೋ ಅಣ್ಣಾ. ನೀ ಏನ್ ಬೇಕಂತ ಕೆಡವಿದಿಯೇನು?”

“ಇಲ್ಲವ್ವಾ,” ಎಂದೆ. ಅವಳು ನಂಬಿದಳು.