ಹೊಳೆ ದಾಟಿ ಬರುತ್ತಿದ್ದ ಬಾಯಮ್ಮ

ಬಾಯಮ್ಮ ಮೊದಲು ಮೂಸಿ ನೋಡುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಕುಡಿಯುವ ನೀರಿನ ಕೊಡ, ಗಂಜಿಯ ಪಾತ್ರೆ, ಒಗೆದು ಹರವಿದ ಬಟ್ಟೆ, ಮಕ್ಕಳ ತಲೆಗೂದಲು, ಎಲ್ಲದರ ಹತ್ತಿರವೂ ಬಗ್ಗಿ ಒಮ್ಮೆ ಉಸಿರೆಳೆದುಕೊಳ್ಳುವುದು. ಸರಿ ಕಂಡರೆ ತಲೆಯಾಡಿಸುವುದು. ಸರಿ ಕಾಣದಿದ್ದರೆ ಕನ್ನಡಕ ಮೂಗಿನ ತುದಿಗೆ ಇಳಿಯುತ್ತಿತ್ತು, ಅಲ್ಲಿದ್ದವರೆಲ್ಲ ಸೆರಗು ಸರಿಮಾಡಿಕೊಳ್ಳುತ್ತಿದ್ದೆವು. ಆಸ್ಪತ್ರೆಯೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನರ್ಸಾಗಿದ್ದವರು. ಕೆಲಸ ಬಿಟ್ಟರೂ ಮೂಗು ಕೆಲಸ ಬಿಟ್ಟಿರಲಿಲ್ಲ.

ಅವರ ಹೆಸರು ಅಪೊಲಿನ್. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ನಾವು ಬಾಯಮ್ಮ ಎನ್ನುತ್ತಿದ್ದೆವು. ಕುಂದಾಪುರದಲ್ಲಿ ಇಗರ್ಜಿಗೆ, ಅಂದರೆ ಚರ್ಚಿಗೆ, ನಡೆದು ಹೋಗುವಷ್ಟು ಹತ್ತಿರ ಅವರ ಹೆಂಚಿನ ಮನೆ. ಗಂಡ ತೀರಿಕೊಂಡಿದ್ದರು, ಒಬ್ಬ ಮಗನಿದ್ದ. ಮಂಗಳೂರಿನ ಒಂದು ಕ್ರೈಸ್ತ ಸಮಿತಿ ಊರೂರಿನ ಸಣ್ಣ ಸಂಘಗಳಿಗೆ ಹಾಲಿನ ಪುಡಿ, ಗೋಧಿ, ಹಳೆ ಬಟ್ಟೆ ಕೊಡುತ್ತಿತ್ತು. ನಮ್ಮ ತಾಲೂಕಿನಲ್ಲಿ ಅದನ್ನು ಹಂಚುವುದು, ಪಡೆದವರು ಹೇಗೆ ನಡೆಸುತ್ತಾರೆಂದು ನೋಡುವುದು, ತಿಳಿಯದವರಿಗೆ ಹೇಳಿಕೊಡುವುದು ಬಾಯಮ್ಮನ ಪಾಲಿಗೆ ಬಂದಿತ್ತು. ಸಂಬಳವಿರಲಿಲ್ಲ.

ನಮ್ಮದು ಕುಂದಾಪುರದಿಂದ ಹೊಳೆಯಾಚೆ ಇರುವ ಮೀನುಗಾರರ ಊರು ಕೋಡಿಯ ಸಂಘ. ಅದು ಹುಟ್ಟಿದ್ದು ಒಂದು ಸಾವಿನಿಂದ. ತಾಯಿ ಮೀನಿನ ಬುಟ್ಟಿ ಹೊತ್ತು ಹೊಳೆಯಾಚೆ ಪೇಟೆಗೆ ಹೋಗಿದ್ದಾಗ ಎರಡು ವರ್ಷದ ಹುಡುಗನೊಬ್ಬ ದೋಣಿ ಕಟ್ಟುವ ಜಾಗದಲ್ಲಿ ನೀರಿಗೆ ಬಿದ್ದು ಹೋದ. ಹದಿನೈದು ದಿನ ಯಾವ ಹೆಂಗಸಿಗೂ ಮಗುವನ್ನು ಬಿಟ್ಟು ಮೀನು ಮಾರಲು ಹೋಗುವ ಧೈರ್ಯ ಬರಲಿಲ್ಲ. ಆಗ ಮೀನು ಮಾರುವ ಸೀತಕ್ಕ ಮುಂದೆ ನಿಂತು ಏಳು ಹೆಂಗಸರನ್ನು ಸೇರಿಸಿದರು. ಬಲೆ ಇಡುವ ಕೊಟ್ಟಿಗೆಯೊಂದನ್ನು ಕೇಳಿ ಪಡೆದು ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಮನೆ ಮಾಡಿದೆವು. ಸೀತಕ್ಕ ಅಧ್ಯಕ್ಷೆ. ಏಳನೇ ಕ್ಲಾಸು ಓದಿ ಹೊಲಿಗೆ ಕಲಿತಿದ್ದ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಎಂದರೇನೆಂದು ನನಗೂ ಗೊತ್ತಿರಲಿಲ್ಲ.

ಬಾಯಮ್ಮ ಮೊದಲ ಸಲ ದೋಣಿಯಿಂದಿಳಿದು ಬಂದಾಗ ನಾವು ಹಾಲಿನ ಪುಡಿಯ ಮಾತು ತೆಗೆದೆವು. ಅವರು ಕೊಟ್ಟಿಗೆಯನ್ನೆಲ್ಲ ಮೂಸಿ ಮುಗಿಸಿ ಕೇಳಿದರು.

“ನೀವ್ ಏಳ್ ಜನ. ಇಬ್ರಿಗ್ ಜ್ವರ ಬಂದ್ರೆ ಆ ದಿನ ಮಕ್ಳನ್ನ್ ಕಾಂಬುದ್ ಯಾರ್?”

ಸೀತಕ್ಕ ಬೆರಳು ಮಡಚಿ ನಮ್ಮನ್ನು ಎಣಿಸತೊಡಗಿದರು.

“ಅದನ್ನ್ ಮೊದ್ಲ್ ಮಾತಾಡಿ ಬರ್ದಿಡಿ. ಪುಡಿ ಮಾತ್ ಮತ್ತೆ.”

ಹಾಗೆ ಕಲಿಸಿದರು. ಶುಕ್ರವಾರಕ್ಕೊಂದು ಸಭೆ. ಸಭೆಯಲ್ಲಿ ಆದದ್ದನ್ನು ಬರೆಯುವುದು, ಬರೆದದ್ದನ್ನು ಓದು ಬಾರದವರಿಗೆ ಕೇಳುವಂತೆ ಓದುವುದು. ಸಾಮಾನಿನ ಪೆಟ್ಟಿಗೆಗೆ ಎರಡು ಬೀಗ, ಎರಡು ಬೀಗದ ಕೈ ಇಬ್ಬರ ಹತ್ತಿರ. “ಕೈಯಗೆ ಇಲ್ಲದ್ದನ್ನ್ ಕೊಡ್ತೆ ಅಂದ್ ಯಾರಿಗೂ ಹೇಳುಕಾಗ” ಎನ್ನುವುದನ್ನಂತೂ ಎಷ್ಟು ಸಲ ಹೇಳಿದರೋ.

ಸೀತಕ್ಕನಿಗೆ ಒಳಗೊಳಗೆ ಒಂದು ಅನುಮಾನವಿತ್ತು. ಒಂದು ದಿನ ಕೇಳಿಯೇಬಿಟ್ಟರು. “ಬಾಯಮ್ಮ, ಬೇಜಾರ್ ಮಾಡ್ಕಂಬೇಡಿ. ಹಾಲ್ ಕೊಟ್ಟ್ ಕಡಿಗ್ ನಮ್ ಮಕ್ಳನ್ನ್ ಇಗರ್ಜಿಗ್ ಕರ್ಕಂಡ್ ಹೋತ್ರಿಯಾ?”

ಬಾಯಮ್ಮ ನಕ್ಕುಬಿಟ್ಟರು. “ನನ್ ಒಬ್ಬ ಮಗನ್ನ ಆಯ್ತ್ವಾರ ಎಬ್ಸಿ ಇಗರ್ಜಿಗ್ ಕಳ್ಸುಕೆ ನನ್ನತ್ರ ಆತಿಲ್ಲೆ ಸೀತಕ್ಕ. ನಿಮ್ ಇಪ್ಪತ್ತ್ ಮಕ್ಳನ್ನ್ ಎಲ್ಲಿ ಎಳ್ಕಂಡ್ ಹೋಗ್ಲಿ?” ಮತ್ತೆ ಸ್ವಲ್ಪ ತಡೆದು, “ನಾ ಬಪ್ಪುದ್ ನನ್ ದೇವ್ರ್ ಹೇಳಿದ್ದಕ್ಕೆ. ಅದ್ ನಂಗೂ ಅವ್ನಿಗೂ ಇಪ್ಪ ಮಾತ್. ನಿಮ್ಮ್ ಮಕ್ಳಿಗ್ ಹಾಲ್ ಮಾತ್ರ” ಎಂದರು.

ಮೂರನೆಯ ಮಳೆಗಾಲದಲ್ಲಿ ಅದು ನಡೆಯಿತು. ಆಷಾಢ. ದೋಣಿಗಳೆಲ್ಲ ದಡಕ್ಕೇರಿದ್ದವು. ಮೀನಿಲ್ಲ, ಮೀನಿಲ್ಲದ ಮೇಲೆ ಮನೆಗಳಲ್ಲಿ ಅಕ್ಕಿಯೂ ಇಲ್ಲ. ಎಷ್ಟೋ ಮಕ್ಕಳಿಗೆ ದಿನದ ಊಟವೆಂದರೆ ನಮ್ಮಲ್ಲಿ ಸಿಗುವ ಹಾಲೇ. ನಾಲ್ಕು ದಿನ ಹೊಳೆ ಕೆಂಪಾಗಿ ಉಕ್ಕಿ ಹರಿಯಿತು, ದೋಣಿ ಬಿಡಲಿಲ್ಲ. ಪೆಟ್ಟಿಗೆಯಲ್ಲಿದ್ದ ಪುಡಿ ಮುಗಿದು ಮೂಲೆಯ ರಟ್ಟಿನ ಡ್ರಮ್ಮು ಒಡೆಯಬೇಕಾಯಿತು. ಮಾಡು ಸೋರಿ ಡ್ರಮ್ಮಿನ ಒಂದು ಮಗ್ಗುಲು ಮೆತ್ತಗಾಗಿತ್ತು. ನೆನೆದ ಪುಡಿಯನ್ನು ತಮ್ಮನ್ನು ಕೇಳದೆ ಬಳಸಬಾರದೆಂದು ಬಾಯಮ್ಮ ಹೇಳಿದ್ದರು. ಆದರೆ ಬಾಯಮ್ಮ ಹೊಳೆಯ ಆಚೆ ಇದ್ದರು.

ಐದನೆಯ ದಿನ ಬೆಳಿಗ್ಗೆ ಹತ್ತೊಂಬತ್ತು ಮಕ್ಕಳು ಲೋಟ ಹಿಡಿದು ಕೂತಿದ್ದವು. ಡ್ರಮ್ಮು ಒಡೆದೆ. ಪುಡಿ ಗಟ್ಟಿಯಾಗಿ, ಹಳದಿ ತಿರುಗಿ, ಹುಳಿಹುಳಿ ನಾತ. ಸೀತಕ್ಕನ ಮುಖ ನೋಡಿದೆ.

“ಕುದ್ಸಿರೆ ಎಂತ ಆತಿಲ್ಲೆ ಗಿರ್ಜಾ” ಎಂದರು ಅವರು.

ಗಂಟು ಒಡೆದು, ಚೆನ್ನಾಗಿ ಕುದಿಸಿ, ನಾತ ಗೊತ್ತಾಗದಂತೆ ಬೆಲ್ಲ ಹಾಕಿದೆ. ಬೆಲ್ಲ ಹಾಕುವಾಗಲೇ ನನಗೆ ತಿಳಿದಿತ್ತು, ನಾನು ಮಾಡುತ್ತಿರುವುದು ಸರಿಯಲ್ಲವೆಂದು. ಮಕ್ಕಳು ಇನ್ನೊಂದು ಲೋಟ ಕೇಳಿ ಕುಡಿದವು.

ಒಂದು ಗಂಟೆ ಕಳೆಯುವುದರೊಳಗೆ ವಾಂತಿ ಶುರುವಾಯಿತು. ಹೆಚ್ಚಿನವು ಒಂದೆರಡು ಸಲ ಕಾರಿ ಸುಸ್ತಾಗಿ ಮಲಗಿದವು. ಲಚ್ಚಿಯ ಮಗಳು ಜಲಜಳಿಗೆ ಮಾತ್ರ ನಿಲ್ಲಲೇ ಇಲ್ಲ. ಮೂರು ವರ್ಷದ ಕೂಸು, ಮೊದಲೇ ಕಡ್ಡಿ. ಭೇದಿಯೂ ಹತ್ತಿಕೊಂಡಿತು, ಕಣ್ಣು ಒಳಗಿಳಿಯಿತು. ಅಷ್ಟು ಹೊತ್ತಿಗೆ ಹೊಳೆ ಸ್ವಲ್ಪ ಇಳಿದು ಆ ದಿನದ ಮೊದಲ ದೋಣಿಯಲ್ಲಿ ಬಾಯಮ್ಮ ಬಂದರು. ನಾಲ್ಕು ದಿನ ನಾವು ಏನು ಮಾಡಿಕೊಂಡೆವೋ ಎಂದು ನೋಡಲು ಬಂದವರು. ಬಾಗಿಲಲ್ಲೇ ನಿಂತುಬಿಟ್ಟರು.

“ಬೆಳಿಗ್ಗೆ ಎಂತ ಕೊಟ್ರಿ?”

“ಗಂಜಿ” ಎಂದೆ. ಅದು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ನನಗೆ ತಿಳಿಯದು. ಸೀತಕ್ಕ ನೆಲ ನೋಡುತ್ತಿದ್ದರು.

ಬಾಯಮ್ಮ ಉಳಿದ ಮಕ್ಕಳಿಗೆ ಉಪ್ಪು ಸಕ್ಕರೆ ಹಾಕಿದ ಕುದಿನೀರು ಆರಿಸಿ ಕುಡಿಸುತ್ತಿರಲು ಸೀತಕ್ಕನಿಗೆ ಹೇಳಿ, ಜಲಜಳನ್ನು ತಮ್ಮ ಸೆರಗಿನಲ್ಲಿ ಸುತ್ತಿಕೊಂಡು ದೋಣಿಗೆ ನಡೆದರು. ಹಿಂದೆ ಲಚ್ಚಿ, ಅವಳ ಹಿಂದೆ ನಾನು. ದೋಣಿ ನಡುಹೊಳೆಗೆ ಬಂದಾಗ ಸೆಳೆತಕ್ಕೆ ಸಿಕ್ಕು ಅಡ್ಡ ತಿರುಗಿತು. ಹುಟ್ಟು ಹಾಕುವವನು ಕೂಗಿಕೊಳ್ಳುತ್ತಿದ್ದ, ಅಂಚಿನ ಮೇಲಿಂದ ನೀರು ಒಳಗೆ ಬೀಳುತ್ತಿತ್ತು. ಲಚ್ಚಿ ಮಗಳ ಕಾಲು ಹಿಡಿದು ಅಳುತ್ತಿದ್ದಳು. ಆ ಗಲಾಟೆಯ ಮಧ್ಯೆ ಬಾಯಮ್ಮ ಮಗುವಿನ ಬಾಯಿಯ ಹತ್ತಿರ ಬಗ್ಗಿದರು, ತಲೆ ಎತ್ತಿ ನನ್ನನ್ನು ನೋಡಿದರು.

“ನಂಗ್ ಗೊತ್ತಾಯ್ತ್ ಬಾಯೆ. ಆದ್ರೂ ನೀನೇ ಹೇಳ್ಕ್. ಆಚೆ ಡಾಕ್ಟ್ರಿಗ್ ನಾ ಎಂತ ಹೇಳ್ಲಿ? ಗಂಜಿಯಾ?”

ಬಾಯೆ ಎಂದು ಅವರು ಎಲ್ಲ ಹುಡುಗಿಯರನ್ನೂ ಕರೆಯುತ್ತಿದ್ದರು, ಮಗಳೇ ಎಂದ ಹಾಗೆ. ಅದನ್ನು ಆಗಲೂ ಬಿಡಲಿಲ್ಲ.

“ಪುಡಿ ಹಾಳಾಯಿತ್ತ್” ಎಂದೆ. “ಗೊತ್ತಿದ್ದೇ ಕೊಟ್ಟೆ.”

ಲಚ್ಚಿ ಅಳು ನಿಲ್ಲಿಸಿ ನನ್ನ ಕಡೆ ನೋಡಿದಳು. ದೋಣಿ ದಡ ಮುಟ್ಟುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿಗೆ ಸಲೈನ್ ಹಾಕಲು ನರ ಸಿಗಲಿಲ್ಲ. ಡಾಕ್ಟರು ಮೂರು ಸಲ ಚುಚ್ಚಿದರು. ನಾಲ್ಕನೆಯ ಸಲ ಬಾಯಮ್ಮ ತಾವೇ ಆ ಕೈಯನ್ನು ಬಿಸಿಬಟ್ಟೆಯಲ್ಲಿ ಸುತ್ತಿ, ಉಜ್ಜಿ, ಬೆರಳಿಟ್ಟು ಇಲ್ಲಿ ಎಂದು ತೋರಿಸಿದರು. ಸಿಕ್ಕಿತು. ಆಮೇಲೆ ಜಗಲಿಯಲ್ಲಿ ಕೂತು ಜಪಮಾಲೆ ತೆಗೆದರು. ನಾನು ಕಂಬದ ಬದಿಯಲ್ಲಿ ನಿಂತಿದ್ದೆ, ಕೂರುವ ಧೈರ್ಯವಿರಲಿಲ್ಲ. ಸಂಜೆಯ ಹೊತ್ತಿಗೆ ಜಲಜ ಕಣ್ಣು ಬಿಟ್ಟು ನೀರು ಕೇಳಿದಳು.

ಮುಂದಿನ ಶುಕ್ರವಾರದ ಸಭೆಗೆ ಬಾಯಮ್ಮ ಬಂದು ಪುಸ್ತಕವನ್ನು ನನ್ನ ಮುಂದಿಟ್ಟರು.

“ಬರಿ.”

ಎಲ್ಲರೂ ಬೇಡವೆಂದರು. ಸಮಿತಿಗೆ ಗೊತ್ತಾದರೆ ಹಾಲು ನಿಲ್ಲುತ್ತದೆ, ಈ ಹಸಿವಿನ ಕಾಲದಲ್ಲಿ ಮಕ್ಕಳು ಏನು ತಿನ್ನಬೇಕು? ಮಕ್ಕಳು ಗುಣವಾದವಲ್ಲಾ, ಅಷ್ಟೇ ಸಾಕಲ್ಲವೇ? ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

“ಹಾಲ್ ನಿಂತ್ರೂ ನಿಂತೀತ್” ಎಂದು ಬಾಯಮ್ಮ ಒಪ್ಪಿದರು. “ಆದ್ರೂ ಬರೀಕ್. ಬರೀದಿದ್ರೆ ನಾಳೆ ಬೇರೆ ಊರಗೆ ಇನ್ನೊಬ್ಳ್ ಇದನ್ನೇ ಮಾಡ್ತಳ್.”

ಪೆನ್ನು ಹಿಡಿದು ಕೇಳಿದೆ, “ಸುಳ್ಳ್ ಹೇಳಿದ್ದನ್ನೂ ಬರೀಕಾ?”

“ಅದನ್ನ್ ಮೊದ್ಲ್ ಬರಿ. ಪುಡಿ ಹಾಳಾದ್ದ್ ಮಳೆಯಿಂದ. ಸುಳ್ಳ್ ಮಳೆಯಿಂದ ಬಂದದ್ದಲ್ಲ.”

ಬರೆದೆ. ಅಕ್ಷರ ಸೊಟ್ಟಗೆ ಬಿದ್ದವು. ಬರೆದು ಮುಗಿಸಿದ ಮೇಲೆ ಬಾಯಮ್ಮ ಪೆನ್ನು ತೆಗೆದುಕೊಂಡು ಕೆಳಗೆ ತಾವೇ ನಾಲ್ಕು ಸಾಲು ಬರೆದರು. “ಡ್ರಮ್ಮು ಸೋರುವ ಮಾಡಿನ ಕೆಳಗಿದ್ದುದನ್ನು ನಾನು ನೋಡಿದ್ದೆ, ಸರಿಸಲು ಹೇಳಲಿಲ್ಲ. ಹೊಳೆ ತುಂಬಿ ದಾರಿ ನಿಂತರೆ ಮಕ್ಕಳಿಗೆ ಏನು ಕೊಡಬೇಕೆಂದು ಇವರಿಗೆ ಕಲಿಸಿರಲಿಲ್ಲ. ಇದು ನನ್ನ ತಪ್ಪು.” ಅದರ ಪ್ರತಿಯನ್ನು ಆ ದಿನವೇ ಮಂಗಳೂರಿಗೆ ಅಂಚೆಗೆ ಹಾಕಿದರು.

ಹತ್ತು ದಿನದ ಮೇಲೆ ಸಮಿತಿಯ ಪಾದ್ರಿಯೊಬ್ಬರು ಬಂದರು. ಒಳ್ಳೆಯವರು, ಆದರೆ ಮುಖದಲ್ಲಿ ನಗುವಿರಲಿಲ್ಲ. ಪುಸ್ತಕವನ್ನು ಎರಡು ಸಲ ಓದಿ, ಮಕ್ಕಳ ತಾಯಂದಿರನ್ನು ಕರೆಸಿ ಕೇಳಿದರು. “ಇನ್ನು ಇಲ್ಲಿಗೆ ಮಕ್ಕಳನ್ನು ಕಳಿಸುತ್ತೀರಾ?”

ಎಲ್ಲರೂ ಲಚ್ಚಿಯ ಕಡೆ ನೋಡಿದರು. ದೋಣಿ ಇಳಿದಂದಿನಿಂದ ಅವಳು ನನ್ನ ಹತ್ತಿರ ಮಾತಾಡಿರಲಿಲ್ಲ.

“ಕಳ್ಸ್ತೆ” ಎಂದಳು ಲಚ್ಚಿ. “ತಪ್ಪ್ ಮಾಡ್ದವ್ಳ್ ಯಾರಂದ್ ಗೊತ್ತಾಯ್ತಲೆ. ಅಡ್ಗಿಸಿಟ್ಟಿದ್ರೆ ನಾ ಈ ಬಾಗ್ಲ್ ತುಳಿತಿರ್ಲಿಲ್ಲೆ.”

ನಾನು ಕೊಟ್ಟಿಗೆಯ ಹಿಂದೆ ಹೋಗಿ ಮರಳಿನ ಮೇಲೆ ಕೂತು ಅತ್ತೆ.

ಆದರೂ ಸಮಿತಿ ಮಳೆಗಾಲ ಮುಗಿಯುವವರೆಗೆ ನಮಗೆ ಹಾಲು ನಿಲ್ಲಿಸಿತು. ಸಾಮಾನು ಹಂಚುವ ಕೆಲಸವನ್ನು ಬಾಯಮ್ಮನಿಂದ ತೆಗೆದು ಬೇರೆಯವರಿಗೆ ಕೊಟ್ಟಿತು. ಆ ಸುದ್ದಿಯನ್ನು ಅವರೇ ನಮಗೆ ಹೇಳಿದರು, ಬಸ್ಸು ತಡವಾಯಿತು ಎಂದು ಹೇಳುವಷ್ಟೇ ಮೆಲ್ಲಗೆ. ಮರುದಿನ ಸೀತಕ್ಕನನ್ನೂ ನನ್ನನ್ನೂ ಕರೆದುಕೊಂಡು ಕುಂದಾಪುರದಲ್ಲಿ ಮನೆಮನೆ ಹತ್ತಿದರು. ಇಗರ್ಜಿಗೆ ಬರುವವರ ಮನೆ, ಬಟ್ಟೆ ಅಂಗಡಿಯವರ ಮನೆ, ಹೋಟೆಲಿನವರ ಮನೆ. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಸೆರಗು ತುಂಬ ಅಕ್ಕಿ ಹಾಕಿದರು. ಕೊಟ್ಟ ಮನೆಗೂ ಕೊಡದ ಮನೆಗೂ ಬಾಯಮ್ಮ ಒಂದೇ ರೀತಿ ಕೈ ಮುಗಿದರು. ಆ ಮಳೆಗಾಲ ಮಕ್ಕಳು ಗಂಜಿ ಉಂಡವು, ಒಂದೂ ಉಪವಾಸ ಬೀಳಲಿಲ್ಲ. ಹೊಳೆ ತುಂಬಿದ ದಿನಗಳಿಗೆಂದು ಒಣ ಅಕ್ಕಿ, ಹೆಸರುಕಾಳು ಮೇಲಟ್ಟದಲ್ಲಿ ಬೇರೆಯೇ ಇಟ್ಟಿದ್ದೆವು.

ಆಮೇಲೆ ಹಾಲು ಮತ್ತೆ ಬಂತು. ಬಾಯಮ್ಮನಿಗೆ ಮಾತ್ರ ಆ ಕೆಲಸ ಮತ್ತೆ ಬರಲಿಲ್ಲ. ಅವರು ತಮ್ಮಷ್ಟಕ್ಕೆ ಊರೂರು ತಿರುಗಿದರು. ಗುಲ್ವಾಡಿ, ಬಸ್ರೂರು, ಬ್ರಹ್ಮಾವರದ ಕಡೆಯ ಹಳ್ಳಿಗಳು. ಎಲ್ಲೋ ನಾಲ್ಕು ಹೆಂಗಸರು ಸೇರಿ ಏನೋ ಮಾಡಹೊರಟಿದ್ದಾರೆಂದು ಕೇಳಿದರೆ ಕೊಡೆ ಹಿಡಿದು ಹೊರಡುವುದು. ಕೆಲವು ವರ್ಷ ನಾನೂ ಜೊತೆಗೆ ಹೋದೆ. ನನ್ನನ್ನೇ ಯಾಕೆ ಕರೆಯುತ್ತಾರೆಂದು ಕೇಳಲು ಹೆದರಿಕೆಯಾಗುತ್ತಿತ್ತು.

ವಯಸ್ಸು ಎಪ್ಪತ್ತು ದಾಟಿದ ಮೇಲೆ ಒಂದು ಬೇಸಗೆಯಲ್ಲಿ ಅವರ ಎದೆ ಸೋತಿತು. ನೋಡಲು ಹೋದಾಗ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದರು, ಮಾತಿಗೊಮ್ಮೆ ಏದುಸಿರು.

“ಬೈಂದೂರಗೆ ಹಗ್ಗ ಹೊಸೂ ಹೆಂಗ್ಸ್ರ್ ಇದ್ರ್. ಶನಿವಾರ ಬತ್ತೆ ಅಂದಿದೆ.”

“ನೀವ್ ಮೊದ್ಲ್ ಗುಣ ಆಯ್ನಿ ಬಾಯಮ್ಮ. ಶನಿವಾರ ಮುಂದ್ ಹಾಕ್ವ.”

“ಒಂದ್ ದಿನದ ಹಗ್ಗದ ಕೂಲಿ ಬಿಟ್ಟ್ ನಂಗೆ ಕಾದ್ ಕೂಕಂತ್ರ್ ಅವ್ರ್” ಎಂದರು. ಮತ್ತೆ ಕಣ್ಣು ಮುಚ್ಚಿಕೊಂಡರು.

ಗುರುವಾರ ತೀರಿಕೊಂಡರು. ಶುಕ್ರವಾರ ಇಗರ್ಜಿಯ ಹಿಂದೆ ಮಣ್ಣು ಮಾಡಿದರು. ಕೋಡಿಯಿಂದ ಎರಡು ದೋಣಿ ಜನ ಹೋಗಿದ್ದೆವು. ಶನಿವಾರ ಬೆಳಿಗ್ಗೆ ನಾನು ಬೈಂದೂರಿನ ಬಸ್ಸು ಹತ್ತಿದೆ.

ತೆಂಗಿನ ಸೋಗೆಯ ಚಪ್ಪರದ ಕೆಳಗೆ ಹದಿಮೂರು ಹೆಂಗಸರು ಚಾಪೆ ಹಾಸಿಕೊಂಡು ಕೂತಿದ್ದರು. ಯಾರ ಮನೆಯಿಂದಲೋ ಒಂದು ಕುರ್ಚಿ ತಂದು ಒರೆಸಿ ಇಟ್ಟಿದ್ದರು. ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ನಾನು ಚಪ್ಪಲಿ ಕಳಚಿದರೂ ಅವರು ನನ್ನ ಹಿಂದಿನ ದಾರಿಯನ್ನೇ ನೋಡುತ್ತಿದ್ದರು.

“ಬಾಯಮ್ಮ ಹಿಂದಿನ್ ಬಸ್ಸಿಗ್ ಬತ್ರಾ?” ಎಂದು ಒಬ್ಬಳು ಕೇಳಿದಳು.

“ಇಲ್ಲೆ” ಎಂದೆ. “ನಿನ್ನೆ ಮಣ್ಣಾಯ್ತ್.”

ತೆಂಗಿನ ನಾರಿನ ಧೂಳು ಹತ್ತಿದ ಕೈಗಳು ಮಡಿಲಲ್ಲಿ ಹಾಗೇ ನಿಂತುಬಿಟ್ಟವು. ವಯಸ್ಸಾದವಳೊಬ್ಬಳು ಎದ್ದು, ಹಾಗಾದರೆ ಇವತ್ತು ಬೇಡ ಎಂದಳು, ಎಂದವಳು ಹೋಗದೆ ಮತ್ತೆ ಕೂತಳು. ಕುರ್ಚಿಯನ್ನು ಯಾರೂ ತೋರಿಸಲಿಲ್ಲ, ನಾನೂ ಅದರ ಕಡೆ ಹೋಗಲಿಲ್ಲ. ಚಾಪೆಯ ಅಂಚಿನಲ್ಲಿ ಜಾಗ ಮಾಡಿಕೊಟ್ಟರು. ಕೂತು, ನಿಮ್ಮಲ್ಲಿ ಬರೆಯಲು ಬರುವವರು ಯಾರು ಎಂದು ಕೇಳಿದೆ.